ಎರಡು ಸಲ ತಗ್ಗಿದ ಪಿಸ್ಟನ್

ಆ ಗ್ಯಾರೇಜಿನ ಮೇಸ್ತ್ರಿಗೆ ಬೈಯಲು ಬರುವಷ್ಟು ಚೆನ್ನಾಗಿ ಎಂಜಿನ್ ಬಿಚ್ಚಲು ಬರುವುದಿಲ್ಲ ಎಂದು ಬೀದಿಯಲ್ಲಿ ಒಂದು ಮಾತಿತ್ತು. ಮಾತು ಹುಟ್ಟಿಸಿದವರು ಬೇರೆ ಯಾರೂ ಅಲ್ಲ, ಅವರ ಹೆಂಡತಿಯೇ. ಎಂಜಿನ್ ಬಿಚ್ಚುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ಹಾಗಾದರೆ ಬೈಗುಳ ಯಾವ ಮಟ್ಟದ್ದು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಅವರ ಬೈಗುಳದಲ್ಲಿ ಹೊಲಸು ಇರುತ್ತಿರಲಿಲ್ಲ, ಆದರೆ ಉಪ್ಪು ಖಾರ ಧಾರಾಳವಾಗಿರುತ್ತಿತ್ತು. ಅದನ್ನು ದಿನವೂ ಉಣ್ಣುತ್ತಿದ್ದವನು ಹಳೆಯ ಫಿಟ್ಟರ್ ಗೊಣಗಣ್ಣ. ತಲೆ ಕಪ್ಪಿದ್ದಾಗ ಕೆಲಸಕ್ಕೆ ಸೇರಿದವನು, ಈಗ ಅದು ಅರಳೆಯಂತಾಗಿದೆ. ಬೈಸಿಕೊಂಡಾಗಲೆಲ್ಲ ಬಾಯೊಳಗೇ ಏನೋ ಗೊಣಗುತ್ತಾನೆ. ಏನೆಂದು ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ. ರೈಲಿನ ಗಾರ್ಡ್ ಆಗಿರುವ ಮೇಸ್ತ್ರಿಯ ಮಗ ರಜೆಯ ದಿನ ಗ್ಯಾರೇಜಿಗೆ ಕಾಲಿಟ್ಟರೆ ಅವನಿಗೂ ಪಾಲು ಉಂಟು. "ಬಾವುಟ ಅಲ್ಲಾಡಿಸೋ ಕೈ ಅದು, ಸ್ಪ್ಯಾನರ್ ಮುಟ್ಟಬೇಡ, ಸ್ಪ್ಯಾನರಿಗೆ ನೆಗಡಿ ಆಗುತ್ತೆ" ಎನ್ನುತ್ತಿದ್ದರು. ಗಿರಾಕಿಗಳಿಗೆ ಮಾತ್ರ ಮೇಸ್ತ್ರಿ ಒಂದೂ ಒರಟು ಮಾತು ಆಡಿದವರಲ್ಲ. ಹಾಗಾಗಿ ಆ ಚಾವಣಿಯ ಕೆಳಗೆ ಒಂದು ನಿಯಮ ತಾನಾಗಿ ಬೆಳೆದಿತ್ತು: ಬೈಸಿಕೊಂಡವನು ಗ್ಯಾರೇಜಿನವನು, ಬೈಸಿಕೊಳ್ಳದವನು ಹೊರಗಿನವನು.

ಈ ನಿಯಮದ ಪ್ರಕಾರ ಹೊರಗಿನವಳಾಗಿ ಉಳಿದಿದ್ದವಳು ಅವರ ಸೊಸೆ.

ಸೊಸೆ ಲೇತಿನ ಮನೆಯಿಂದ ಬಂದವಳು. ಅವಳಪ್ಪ ಬೇರೆ ಊರಿನಲ್ಲಿ ಲೇತ್ ಇಟ್ಟುಕೊಂಡವರು. ಓದು ಮುಗಿಸಿದವಳೇ ಅಪ್ಪನ ಪಕ್ಕ ನಿಂತು ಕಬ್ಬಿಣ ಕಡೆಯುವುದನ್ನು ಕಲಿತಿದ್ದಳು. ಮದುವೆಯಾಗಿ ಬಂದ ಮೇಲೆ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಲೇತ್ ಬಂದು ಕೂತಿತು. ಬುಷ್, ಪಿನ್ನು, ವಾಲ್ವಿನ ಸೀಟು, ಏನು ಬೇಕಿದ್ದರೂ ಅವಳೇ ಕಡೆದು ಕೊಡುತ್ತಿದ್ದಳು. ಬೀದಿಯವರು ಅವಳಿಗೆ ಲೇತಮ್ಮ ಎಂದು ಹೆಸರಿಟ್ಟರು. ಇಷ್ಟೆಲ್ಲ ಆದರೂ ಮಾವನವರ ಬಾಯಿಂದ ಅವಳಿಗೆ ಬರುತ್ತಿದ್ದದ್ದು ಎರಡೇ ಮಾತು. ಕೆಲಸ ಸರಿಯಾದರೆ "ಚೆನ್ನಾಗಿದೆಯಮ್ಮ." ಕೆಟ್ಟರೆ "ಪರವಾಗಿಲ್ಲಮ್ಮ."

ಒಂದು ಸಲ ಅವಳು ಒಂದು ಬುಷ್ಷಿನ, ಅಂದರೆ ಪಿನ್ನು ತೂರುವ ಬಳೆಯ, ತೂತನ್ನು ದೊಡ್ಡದಾಗಿ ಕೊರೆದುಬಿಟ್ಟಳು. ಅದು ಇನ್ನು ಕಸದ ಡಬ್ಬಿಗೇ ಲಾಯಕ್ಕು. ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಕತ್ತಿನ ನರ ಉಬ್ಬಿತು. "ಪರವಾಗಿಲ್ಲಮ್ಮ, ಹಿತ್ತಾಳೆ ತಾನೆ" ಎಂದರು. ಆಮೇಲೆ ಹೊರಗೆ ಹೋಗಿ, ಟೈರಿನ ಮೇಲೆ ಕೂತು ಸುಮ್ಮನೆ ಬೀಡಿ ಸೇದುತ್ತಿದ್ದ ಗೊಣಗಣ್ಣನಿಗೆ ಟೀ ಬರುವವರೆಗೂ ಬೈದರು. ಯಾರದೋ ತಪ್ಪಿಗೆ ಯಾರಿಗೋ ಬರೆ.

"ನೀನು ಪುಣ್ಯ ಮಾಡಿದ್ದೀಯ ಕಣೇ," ಎಂದರು ಅತ್ತೆ. "ನಾನು ಈ ಮನೆಗೆ ಬಂದ ಮೊದಲ ವಾರವೇ ಪೆಟ್ರೋಲ್ ಡಬ್ಬಕ್ಕೆ ನೀರು ತುಂಬಿಸಿಟ್ಟೆ ಅಂತ ಬೈಸಿಕೊಂಡೆ. ನಿನಗೆ ನೋಡು, ಹೂವು ಎತ್ತಿದ ಹಾಗೆ ಮಾತಾಡ್ತಾರೆ."

ಸೊಸೆ ನಕ್ಕಳು. ಅವಳ ಹೊಟ್ಟೆಯಲ್ಲಿದ್ದದ್ದು ಬೇರೆ. ಅವಳಪ್ಪನೂ ಬೈಯುವವರಲ್ಲ. ಅವಳು ಏನು ಕಡೆದು ಕೊಟ್ಟರೂ "ಭೇಷ್ ಮಗಳೇ" ಎಂದು ತಲೆ ಸವರುತ್ತಿದ್ದರು. ಒಂದು ಸಂಜೆ ಮರೆತ ಕೊಡೆಗಾಗಿ ಅವಳು ಅಂಗಡಿಗೆ ವಾಪಸು ಹೋದಾಗ, ಅಪ್ಪ ಅವಳು ಮಾಡಿದ್ದನ್ನೇ ಲೇತಿಗೆ ಕಚ್ಚಿಸಿ ಮತ್ತೆ ಕಡೆಯುತ್ತಿದ್ದರು. ಅವಳು ಬಾಗಿಲಲ್ಲಿ ನಿಂತದ್ದು ಅವರಿಗೆ ತಿಳಿಯಲಿಲ್ಲ. ಕೊಡೆ ತೆಗೆದುಕೊಳ್ಳದೆಯೇ ನೆನೆಯುತ್ತಾ ಮನೆಗೆ ಬಂದಳು. ಅಲ್ಲಿಯವರೆಗೆ ಸಿಕ್ಕಿದ ಭೇಷ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಬೈಯದವರು ಹಿಂದಿನಿಂದ ಸರಿಮಾಡುತ್ತಾರೆ ಎನ್ನುವುದಷ್ಟೇ ಅವಳಿಗೆ ಗೊತ್ತಾದದ್ದು. ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ.

ಇಂಥ ಹೊತ್ತಿನಲ್ಲಿ ಊರಾಚೆಯ ಯಂತ್ರದ ಕಾರ್ಖಾನೆಯಿಂದ ಅವಳಿಗೆ ಕರೆ ಬಂತು. ಕಂಪ್ಯೂಟರ್ ಲೇತ್, ಬಿಳಿ ಕೋಟು, ಎಣ್ಣೆ ಹತ್ತದ ಕೈ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಿತ್ತು. ಗಂಡ, "ನಿನಗೆ ಹೇಗೆ ಅನ್ನಿಸುತ್ತೋ ಹಾಗೆ" ಎಂದ. ಅವಳು ಒಳಗೊಳಗೇ ಒಂದು ತೀರ್ಮಾನ ಮಾಡಿಕೊಂಡಳು. ಈಗ ಕೈಯಲ್ಲಿರುವ ಎಂಜಿನ್ ಮುಗಿಯುವುದರೊಳಗೆ ಈ ಗ್ಯಾರೇಜಿನಲ್ಲಿ ತಾನು ಕೆಲಸದವಳೋ ಮನೆಗೆ ಬಂದ ನೆಂಟಳೋ ತಿಳಿದುಬಿಡಬೇಕು. ನೆಂಟಳಾದರೆ ಹೊರಟುಬಿಡುವುದು.

ಕೈಯಲ್ಲಿದ್ದ ಎಂಜಿನ್ ಹಲ್ಲಿನ ಡಾಕ್ಟರದ್ದು. ಅವರ ಕಾರು ಅವರಿಗಿಂತ ಹಿರಿಯದು. ಮುಖ ದುಂಡಗೆ, ಬಾಗಿಲು ಹಿಂದುಮುಂದಾಗಿ ತೆರೆಯುವಂಥದ್ದು. ಡಾಕ್ಟರ ಮನೆ ಇರುವುದು ಉದ್ದನೆಯ ಏರಿನ ತುದಿಯಲ್ಲಿ. ಕಾರು ಹೊಗೆ ಕಾರುತ್ತಾ, ಎಣ್ಣೆ ಕುಡಿಯುತ್ತಾ, ಕೊನೆಗೆ ಆ ಏರಿನ ಬುಡದಲ್ಲೇ ಕೂತುಬಿಟ್ಟಿತ್ತು. "ಕಿತ್ತು ಹಾಕೋ ಹಾಗಿಲ್ಲ ಮೇಸ್ತ್ರಿ, ಇದನ್ನ ಉಳಿಸಿಕೊಡಬೇಕು" ಎಂದರು ಡಾಕ್ಟರು. ದಿನವಿಡೀ ಕೀಳುವವರ ಬಾಯಲ್ಲಿ ಆ ಮಾತು ಕೇಳಿ ಗೊಣಗಣ್ಣನೂ ನಕ್ಕ.

ಆ ಕಾರಿನ ಪಿಸ್ಟನ್‌ಗಳು ಈಗ ಎಲ್ಲೂ ಸಿಗುವುದಿಲ್ಲ. ಮೇಸ್ತ್ರಿ ಹಳೆಯದೊಂದನ್ನು ಸೊಸೆಯ ಕೈಗಿಟ್ಟರು. "ಇದಕ್ಕೆ ಜೋಡಿ ಹುಡುಕೋದು ನಿನಗೆ ಬಿಟ್ಟಿದ್ದು. ಅಳತೆಯೆಲ್ಲ ನಿಂದೇ" ಎಂದರು. ಅವಳಿಗೆ ರೆಕ್ಕೆ ಬಂದ ಹಾಗಾಯಿತು. ಊರಿನ ಬಿಡಿಭಾಗದ ಅಂಗಡಿಗಳನ್ನೆಲ್ಲ ಜಾಲಾಡಿ ಒಂದು ಸಾಮಾನಿನ ವ್ಯಾನಿನ ಪಿಸ್ಟನ್ ಹಿಡಿದಳು. ಅಡ್ಡಳತೆ ಅದೇ, ರಿಂಗು ಅದೇ. ಅದನ್ನು ರಾಡಿಗೆ ಜೋಡಿಸುವ ಪಿನ್ನು ಮಾತ್ರ ಹಳೆಯದಕ್ಕಿಂತ ದಪ್ಪ. ಅದೇನು ದೊಡ್ಡ ವಿಷಯ? ರಾಡಿನ ತೂತನ್ನು ದೊಡ್ಡದು ಮಾಡಿ ಹೊಸ ಬುಷ್ ಹಾಕಿದಳು. ಪಿನ್ನಿನ ತೂತಿನಿಂದ ಪಿಸ್ಟನ್ನಿನ ತಲೆಯವರೆಗೆ ಎತ್ತರ ಎಷ್ಟಿದೆ ಎಂದೂ ಅಳೆದಳು. ಹಳೆಯದು ಹೊಸದು ಎರಡೂ ಒಂದೇ ಬಂತು. ನಾಲ್ಕನ್ನು ತಂದು ಮಾವನ ಮುಂದೆ ಸಾಲಾಗಿ ಇಟ್ಟಳು.

"ಚೆನ್ನಾಗಿದೆಯಮ್ಮ," ಎಂದರು ಮಾವ.

ಎಂಜಿನ್ನಿನ ಒಡಲಾದ ಬ್ಲಾಕಿನಲ್ಲಿ, ರಾಡು ಹಿಡಿದು ಪಿಸ್ಟನ್ ಆಡಿಸುವ ಕ್ರ್ಯಾಂಕ್ ಕೂರಿಸಿ ಪಿಸ್ಟನ್‌ಗಳನ್ನು ಇಳಿಸಿದ ದಿನ ಅವಳು ವಾಲ್ವಿನ ಸ್ಪ್ರಿಂಗ್ ತರಲು ಪೇಟೆಗೆ ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಎಂಜಿನ್ ಮೇಲೆ ಬಟ್ಟೆ ಮುಚ್ಚಿತ್ತು. "ಇವತ್ತಿಗೆ ಸಾಕಮ್ಮ, ಕೈ ತೊಳ್ಕೊ" ಎಂದರು ಮಾವ. ಆ ಸಂಜೆ ಗೊಣಗಣ್ಣನಿಗೆ ಸಿಕ್ಕ ಬೈಗುಳ ಎಂಥದ್ದೆಂದರೆ ಅವನು ಟೀಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋದ. ಅವನು ಏನು ತಪ್ಪು ಮಾಡಿದ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಮರುದಿನ ವಾರದ ರಜೆ. ತನ್ನ ಪಿಸ್ಟನ್ ಕೂತ ಚಂದವನ್ನು ಒಬ್ಬಳೇ ನೋಡಬೇಕೆಂಬ ಆಸೆಗೆ ಅವಳು ಬೆಳಗ್ಗೆಯೇ ಬೀಗದ ಕೈ ತೆಗೆದುಕೊಂಡು ಬಂದಳು. ಬಟ್ಟೆ ಸರಿಸಿ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿದಳು. ಒಂದನೆಯ ಪಿಸ್ಟನ್ ನುಣ್ಣಗೆ ಮೇಲೆ ಬಂತು. ಬ್ಲಾಕಿನ ಮಟ್ಟಕ್ಕೆ ಬಂದು ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಬಾಗಿಲ ಸಂದಿಯಿಂದ ಇಣುಕುವವರ ತಲೆಯಂತೆ ಇನ್ನೂ ಸ್ವಲ್ಪ ಮೇಲೆದ್ದಿತು. ನಾಲ್ಕೂ ಹಾಗೇ. ತಲೆಯ ಅಂಚಿನಲ್ಲಿ ಅಳೆದರೆ ಎರಡು ಮಿಲಿಮೀಟರು; ಮೂರನೆಯದು ಮಾತ್ರ ಒಂದೆಳೆ ಹೆಚ್ಚು. ಹೀಗೇ ಬ್ಲಾಕಿನ ಮುಚ್ಚಳವಾದ ಹೆಡ್ ಮುಚ್ಚಿ ಶುರು ಮಾಡಿದರೆ ಪಿಸ್ಟನ್ ಮೇಲೆ ಬಂದು ಹೆಡ್ಡಿಗೆ ಢಿಕ್ಕಿ ಹೊಡೆಯುತ್ತಿತ್ತು.

ಅವಳು ಸ್ಟೂಲಿನ ಮೇಲೆ ಕೂತು ಹಳೆಯ ಪಿಸ್ಟನ್ನನ್ನೂ ಹೊಸದಕ್ಕೆ ತಾನೇ ಬರೆದಿಟ್ಟಿದ್ದ ಅಳತೆಯ ಚಿತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಎತ್ತರವನ್ನು ಅವಳು ತೂತಿನ ಮೇಲಂಚಿನಿಂದ ಅಳೆದಿದ್ದಳು. ತೂತು ಎರಡರಲ್ಲೂ ಒಂದೇ ಗಾತ್ರದ್ದಾಗಿದ್ದರೆ ಅದರಿಂದ ಏನೂ ಕೆಡುತ್ತಿರಲಿಲ್ಲ. ಆದರೆ ಹೊಸದರ ತೂತು ನಾಲ್ಕು ಮಿಲಿಮೀಟರು ದೊಡ್ಡದು. ಮೇಲಂಚು ಒಂದೇ ಕಡೆ ಇದ್ದರೂ ತೂತಿನ ನಡುಮಧ್ಯ ಎರಡು ಮಿಲಿಮೀಟರು ಕೆಳಗೆ ಹೋಗಿತ್ತು. ರಾಡು ಹಿಡಿಯುವುದು ಮಧ್ಯವನ್ನು, ಅಂಚನ್ನಲ್ಲ. ಅಪ್ಪನ ಅಂಗಡಿಯಲ್ಲಿ ಮೊದಲ ದಿನ ಕಲಿಯುವ ಪಾಠ ಅದು: ಅಳತೆ ಯಾವಾಗಲೂ ಮಧ್ಯದಿಂದ. ಅಂಚಿನಿಂದ ಅಳೆಯುವುದು ಅವಸರದವರ ಕೆಲಸ.

ಓಡಿಹೋಗಿ ಮಾವನಿಗೆ ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಏನಾಗುತ್ತದೆ ಎನ್ನುವುದೂ ಕಣ್ಣಮುಂದೆ ಬಂತು. ಕತ್ತಿನ ನರ ಉಬ್ಬುತ್ತದೆ. "ಪರವಾಗಿಲ್ಲಮ್ಮ" ಬರುತ್ತದೆ. ಆಮೇಲೆ ಅವಳನ್ನು ಮನೆಗೆ ಕಳಿಸಿ ಅವರೇ ಸರಿಮಾಡುತ್ತಾರೆ. ಬೈಗುಳಕ್ಕೆ ಅಂಜಿ ತಪ್ಪು ಮುಚ್ಚಿಡುವವರನ್ನು ಲೋಕ ಕಂಡಿದೆ. ಬೈಯುವುದಿಲ್ಲವಲ್ಲ ಎಂದು ಅಂಜಿ ಮುಚ್ಚಿಟ್ಟವಳು ಇವಳೊಬ್ಬಳೇ ಇರಬೇಕು.

ಹೀಗೆ ಅವಳು ಎಂಜಿನ್ನಿನ ಹೊಟ್ಟೆಯ ಕಡೆಯಿಂದ ನಟ್ಟು ಸಡಿಲಿಸಿ ನಾಲ್ಕೂ ಪಿಸ್ಟನ್ ಹೊರಗೆ ತೆಗೆದಳು. ತಲೆ ಎಷ್ಟು ದಪ್ಪ ಇದೆ ಎಂದು ಒಳಗಿನಿಂದ ಅಳೆದುಕೊಂಡಳು. ಎರಡು ಮಿಲಿಮೀಟರು ಕಡೆದರೂ ಗಟ್ಟಿಯಾಗೇ ಉಳಿಯುತ್ತಿತ್ತು. ಒಂದೊಂದನ್ನೇ ಲೇತಿಗೆ ಕಚ್ಚಿಸಿ ತಲೆ ಕಡೆದಳು. ಅಲ್ಯೂಮಿನಿಯಂ ಸಿಪ್ಪೆ ಸುರುಳಿಸುರುಳಿಯಾಗಿ ಬಿತ್ತು. ಬೀದಿಯಲ್ಲಿ ಯಾರ ಚಪ್ಪಲಿ ಸದ್ದಾದರೂ ಕೈ ನಿಲ್ಲುತ್ತಿತ್ತು. ಮೂರನೆಯದನ್ನು ಕಡೆಯುವಾಗ ಅತ್ತೆ ಬಾಗಿಲ ಬಳಿ ಬಂದು, "ರಜೆ ದಿನವೂ ನಿನಗೆ ಇದೇ ಧ್ಯಾನವಾ?" ಎಂದು ಕೂಗಿ ಹೋದರು. ಅವಸರದಲ್ಲೇ ಅದನ್ನೂ ಮುಗಿಸಿದಳು. ನಾಲ್ಕನ್ನೂ ತೂಗಿ ನೋಡಿ, ರಿಂಗು ಬಿಗಿದು ವಾಪಸು ಇಳಿಸಿ, ಸಿಪ್ಪೆ ಗುಡಿಸಿ, ಬಟ್ಟೆಯನ್ನು ಮೊದಲಿದ್ದ ಮಡಿಕೆಯಲ್ಲೇ ಹೊದಿಸಿದಳು. ಹಾಲು ಕುಡಿದ ಬೆಕ್ಕೂ ಅಷ್ಟು ಚೆನ್ನಾಗಿ ಬಾಯಿ ಒರೆಸಿಕೊಳ್ಳುವುದಿಲ್ಲ.

ಮರುದಿನ ಹೆಡ್ ಕೂರಿಸುವ ಕೆಲಸ. ಮಾವ ಯಾಕೋ ಅವಳ ಮುಖ ನೋಡದೆ ಹೇಳಿದರು. "ನೀನು ಮನೆಗೆ ಹೋಗಮ್ಮ, ನಿಮ್ಮತ್ತೆ ಕರೀತಿದ್ದಳು."

ಅತ್ತೆ ಕರೆದಿರಲಿಲ್ಲ. ಅವಳು ಹೋಗಿ ಕೇಳಿದಾಗ ಅತ್ತೆ, "ನಾನ್ಯಾಕೆ ಕರೀಲಿ, ನನ್ನ ಪಾಡಿಗೆ ನಾನು ಸುಖವಾಗಿದ್ದೀನಿ" ಎಂದರು. ಆದರೂ ಸೊಸೆಗೆ ಒಳಗೆ ಸಮಾಧಾನವೇ. ಹೆಡ್ ಮುಚ್ಚುವಾಗ ತಾನು ಪಕ್ಕದಲ್ಲಿದ್ದರೆ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ ಎಂಬ ಭಯ ಅವಳಿಗಿತ್ತು. ಮಾವನದು ಹಳೆಯ ಪದ್ಧತಿ: ನಾಲ್ಕೂ ಪಿಸ್ಟನ್‌ಗಳನ್ನು ಅರ್ಧಕ್ಕೆ ಇಳಿಸಿಟ್ಟುಕೊಂಡೇ ಹೆಡ್ ಕೂರಿಸುತ್ತಾರೆ. ಹಾಗಾಗಿ ಅವುಗಳ ತಲೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅವರು ಮತ್ತೆ ನೋಡುವ ಸಂದರ್ಭವಿರಲಿಲ್ಲ. ಮಧ್ಯಾಹ್ನ ಬಂದು ನೋಡಿದರೆ ಹೆಡ್ಡು ಕೂತಿತ್ತು. ಬ್ಲಾಕಿಗೂ ಹೆಡ್ಡಿಗೂ ಆಗಲೇ ಬೂದು ಬಣ್ಣ ಬಳಿದಾಗಿತ್ತು. ಬಣ್ಣ ಹಚ್ಚುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಇಷ್ಟು ಬೇಗ ಯಾಕೆ ಎಂದು ಅವಳು ಕೇಳಬಹುದಿತ್ತು. ತನ್ನ ಹೆಗಲ ಮೇಲೇ ಕುಂಬಳಕಾಯಿ ಇರುವಾಗ ಇನ್ನೊಬ್ಬರ ಹೆಗಲು ಯಾರಿಗೆ ಕಾಣುತ್ತದೆ?

ಎಂಜಿನ್ ಕಾರಿಗೆ ಇಳಿಯಿತು. ಮೊದಲ ಸಲಕ್ಕೇ ಶುರುವಾಯಿತು. ಸದ್ದು ಎಷ್ಟು ಮೆತ್ತಗಿತ್ತೆಂದರೆ ಡಾಕ್ಟರು ಕಿವಿಯನ್ನು ಬಾನೆಟ್ಟಿಗೆ ಹಚ್ಚಿ, "ನಡೀತಾ ಇದೆಯಾ?" ಎಂದು ಕೇಳಿದರು. "ಏರು ಹತ್ತಿಸಿ ನೋಡಿ ನಾಳೆ ತಂದುಕೊಡ್ತೀನಿ" ಎಂದರು ಮೇಸ್ತ್ರಿ.

ಸಂಜೆ ಮಾವ ಸ್ಟೀರಿಂಗ್ ಹಿಡಿದರು, ಸೊಸೆ ಪಕ್ಕದಲ್ಲಿ ಕೂತಳು. ಸಮತಟ್ಟಾದ ಬೀದಿಯಲ್ಲಿ ಕಾರು ಸಾಧುವಾಗಿ ಹೋಯಿತು. ಏರು ಶುರುವಾದ ಮೇಲೆ ನಿಟ್ಟುಸಿರು ಬಿಡತೊಡಗಿತು. ಮೂರನೇ ಗೇರು, ಎರಡನೇ ಗೇರು, ಮೊದಲನೇ ಗೇರು. ಬೇಲಿಯ ಪಕ್ಕ ನಡೆದು ಹೋಗುತ್ತಿದ್ದ ಒಬ್ಬ ಮುದುಕ ಕಾರನ್ನು ದಾಟಿ ಮುಂದೆ ಹೋದ. ಹೋಗುತ್ತಾ ಮರ್ಯಾದೆಗೆ ತಲೆಯಾಡಿಸಿದ. ಅರ್ಧ ಏರಿನಲ್ಲಿ ಎಂಜಿನ್ ಎರಡು ಸಲ ತಡವರಿಸಿ ಸುಮ್ಮನಾಯಿತು. ಮಾವ ಹ್ಯಾಂಡ್‌ಬ್ರೇಕ್ ಎಳೆದರು. ಸೊಸೆ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಬಂದು ಮತ್ತೆ ಕೂತಳು.

ಇಬ್ಬರೂ ಗಾಜಿನಾಚೆಯ ರಸ್ತೆಯನ್ನೇ ನೋಡಿದರು.

"ಕಾರ್ಬುರೇಟರ್ ಇರಬೇಕು," ಎಂದರು ಮಾವ.

"ಹೌದು ಮಾವ, ಅದೇ ಇರಬೇಕು," ಎಂದಳು ಸೊಸೆ.

ಇಬ್ಬರಿಗೂ ಗೊತ್ತಿತ್ತು, ಅದಲ್ಲ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ ಎಂಬ ಸ್ಥಿತಿಯಲ್ಲಿ ಕಾರನ್ನು ಹಿಂದಕ್ಕೇ ಉರುಳಿಸಿಕೊಂಡು ಗ್ಯಾರೇಜಿಗೆ ಬಂದರು.

ಬೆಳಗ್ಗೆ ಗೊಣಗಣ್ಣ ಪ್ಲಗ್ಗಿನ ತೂತುಗಳಿಗೆ ಒತ್ತಡದ ಮೀಟರ್ ಹಿಡಿದು ನೋಡಿದ. ನಾಲ್ಕೂ ಸಿಲಿಂಡರಿನಲ್ಲಿ ಒತ್ತಡ ಕಡಿಮೆ, ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಸಮ. ವಾಲ್ವು ಸೋರಿದರೆ ಒಂದರಲ್ಲೋ ಎರಡರಲ್ಲೋ ಇಳಿಯುತ್ತದೆ. ನಾಲ್ಕೂ ಒಟ್ಟಿಗೆ ಇಳಿದಿದ್ದರೆ ಪಿಸ್ಟನ್ನಿನ ತಲೆಯ ಮೇಲೆ ಜಾಗ ಹೆಚ್ಚಾಗಿದೆ ಎಂದೇ ಅರ್ಥ. ಪೆಟ್ರೋಲಿನ ಗಾಳಿಯನ್ನು ಹಿಂಡುವಷ್ಟು ಹಿಂಡದಿದ್ದರೆ ಬಲ ಎಲ್ಲಿಂದ ಬರಬೇಕು? ಹೆಚ್ಚು ಕಡೆದುಬಿಟ್ಟೆ ಎಂದುಕೊಂಡಳು ಸೊಸೆ.

"ನೀನು ಮನೆಗೆ ಹೋಗಮ್ಮ," ಎಂದರು ಮಾವ. "ಹೆಡ್ ನಾನು ಬಿಚ್ಚಿ ನೋಡ್ತೀನಿ."

"ಬೇಡ ಮಾವ, ನೀವು ಹೋಗಿ ಮಲಗಿ. ನಿನ್ನೆಯಿಂದ ಸುಸ್ತಾಗಿದ್ದೀರಿ. ನಾನು ಬಿಚ್ತೀನಿ."

"ನಂಗೇನು ಸುಸ್ತು. ನೀನು ಹೋಗು."

"ನೀವು ಹೋಗಿ."

ಇಬ್ಬರೂ ಕದಲಲಿಲ್ಲ. ಗೊಣಗಣ್ಣ ಇಬ್ಬರ ಮುಖವನ್ನೂ ನೋಡಿದ. ಆ ಗ್ಯಾರೇಜಿನ ಇತಿಹಾಸದಲ್ಲೇ ಮೊದಲ ಸಲ ಅವನ ಮಾತು ಸ್ಪಷ್ಟವಾಗಿ ಕೇಳಿಸಿತು. "ಇಬ್ರೂ ನಿಂತ್ಕೊಳ್ಳಿ. ನಾನೇ ಬಿಚ್ತೀನಿ. ನನಗಂತೂ ಮುಚ್ಚಿಡೋದು ಏನೂ ಇಲ್ಲ."

ನಟ್ಟುಗಳು ಒಂದೊಂದಾಗಿ ಬಂದವು. ಹೆಡ್ ಮೇಲೆದ್ದಿತು. ಅದರ ಕೆಳಗೆ, ಸಂದಿ ಸೋರದಂತೆ ಹಾಸುವ ಮಾಮೂಲಿ ಗ್ಯಾಸ್ಕೆಟ್ಟಿನ ಜೊತೆ ಇನ್ನೊಂದು ದಪ್ಪ ತಾಮ್ರದ ತಗಡು ಕೂತಿತ್ತು. ಬ್ಲಾಕಿನ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಬೂದು ಬಣ್ಣ ಬಳಿದದ್ದು. ದಪ್ಪ ಸರಿಯಾಗಿ ಎರಡು ಮಿಲಿಮೀಟರು.

ಗೊಣಗಣ್ಣ ಕ್ರ್ಯಾಂಕ್ ತಿರುಗಿಸಿದ. ಪಿಸ್ಟನ್ ಮೇಲೆ ಬಂದು ಬ್ಲಾಕಿನ ಮಟ್ಟಕ್ಕೆ ನಿಂತಿತು.

ಸೊಸೆ ತಗಡನ್ನು ನೋಡಿದಳು. ಮಾವ ಪಿಸ್ಟನ್ನನ್ನು ನೋಡಿದರು. ಪಿಸ್ಟನ್ ಎದ್ದು ನಿಂತಿದೆ ಎಂದು ಒಬ್ಬರು ಹೆಡ್ಡನ್ನು ಮೇಲಕ್ಕೆತ್ತಿದ್ದರು, ಇನ್ನೊಬ್ಬಳು ಪಿಸ್ಟನ್ನಿನ ತಲೆಯನ್ನು ತಗ್ಗಿಸಿದ್ದಳು. ಒಂದೇ ತಪ್ಪನ್ನು ಇಬ್ಬರೂ ಕದ್ದು ತಿದ್ದಿ ಎರಡನೆಯ ತಪ್ಪು ಮಾಡಿದ್ದರು. ಬೇರೆ ಯಾವ ಗ್ಯಾರೇಜಿನಲ್ಲೂ ಇದು ಆಗುವಂಥದ್ದಲ್ಲ. ಅಲ್ಲಿ ಯಾರಾದರೂ ಒಬ್ಬರು ಬಾಯಿ ಬಿಟ್ಟಿರುತ್ತಿದ್ದರು.

"ನಿಮಗೆ ಆವತ್ತೇ ಗೊತ್ತಾಗಿತ್ತು," ಎಂದಳು ಸೊಸೆ. ಅವಳ ದನಿ ಜೋರಾಗಿರಲಿಲ್ಲ. "ಬಟ್ಟೆ ಮುಚ್ಚಿದ್ರಲ್ಲ, ಆವತ್ತು."

"ಗೊತ್ತಾಗಿತ್ತಮ್ಮ."

"ಗೊತ್ತಾಗಿ ನನಗೆ ಹೇಳಲಿಲ್ಲ. ಮನೆಗೆ ಕಳಿಸಿ, ತಗಡು ಹಾಕಿ, ಬಣ್ಣ ಹೊಡೆದ್ರಿ. ನಮ್ಮಪ್ಪನೂ ಹೀಗೇ ಮಾಡ್ತಿದ್ರು ಮಾವ. ಭೇಷ್ ಅಂತ ಕಳಿಸಿ ಹಿಂದಿನಿಂದ ತಿದ್ದುತ್ತಿದ್ರು. ಅವರು ತಿದ್ದೋದನ್ನ ನೋಡಿದ ದಿನದಿಂದ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಇಲ್ಲಿಗೆ ಬಂದಾಗ ನೀವು ಗೊಣಗಣ್ಣನಿಗೆ ಬೈಯೋದು ಕೇಳಿ, ಸದ್ಯ, ಇಲ್ಲಿ ಎಲ್ಲ ಮುಖಕ್ಕೇ ಹೇಳ್ತಾರೆ ಅಂತ ಖುಷಿಯಾಗಿತ್ತು. ಆಮೇಲೆ ಗೊತ್ತಾಯ್ತು, ನನಗೆ ಬಿಟ್ಟು ಉಳಿದವರಿಗೆ ಅಂತ."

ಮಾವ ಕೈಯಲ್ಲಿದ್ದ ಚಿಂದಿಯಿಂದ ಆಗಲೇ ಶುಚಿಯಾಗಿದ್ದ ಬೆರಳುಗಳನ್ನು ಒರೆಸಿಕೊಂಡರು.

"ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ," ಎಂದರು. "ಮದುವೆ ದಿನ ನನ್ನ ಕೈ ಹಿಡ್ಕೊಂಡು ಕಣ್ಣಲ್ಲಿ ನೀರು ಹಾಕಿದ್ರು. ನಿಮ್ಮ ಬಾಯಿ ವಿಷಯ ಕೇಳಿದ್ದೀನಿ ಮೇಸ್ತ್ರಿ, ನನ್ನ ಮಗಳಿಗೆ ಯಾರೂ ಗದರಿಲ್ಲ, ನೀವೂ ಗದರಬೇಡಿ ಅಂದ್ರು. ಆಗಲಿ ಅಂದೆ. ಆ ಒಂದು ಮಾತು ಉಳಿಸಿಕೊಳ್ಳೋಕೆ ನಾನು ಪಟ್ಟ ಪಾಡು ನನಗೆ ಗೊತ್ತು."

"ನನಗೂ ಗೊತ್ತು," ಎಂದ ಗೊಣಗಣ್ಣ.

"ಕಾರ್ಖಾನೆಯಿಂದ ಕರೆ ಬಂದಿದೆ ಅಂತ ನಿಮ್ಮತ್ತೆ ಬೇರೆ ಹೇಳಿದಳು," ಮಾವ ಮುಂದುವರಿಸಿದರು. "ಇಂಥ ಹೊತ್ತಲ್ಲಿ ಏನಾದ್ರೂ ಅಂದುಬಿಟ್ರೆ ಹೊರಟೇ ಹೋಗ್ತೀಯ ಅಂತ ಇನ್ನೂ ಭಯ ಆಯ್ತು."

ಸೊಸೆಗೆ ನಗು ಬರಬೇಕಿತ್ತು, ಬಂದದ್ದು ಅಳು. ಅದನ್ನು ನುಂಗಿಕೊಂಡಳು. "ಅಲ್ಲಿ ತಪ್ಪು ಮಾಡಿದ್ರೆ ಮುಖಕ್ಕೇ ಹೇಳ್ತಾರಂತೆ ಮಾವ. ಅದಕ್ಕೇ ಹೋಗೋಣ ಅಂತಿದ್ದೆ. ಆ ಬಿಳಿ ಕೋಟಿಗಲ್ಲ."

ಮಾವ ಸ್ಟೂಲೆಳೆದು ಕೂತರು.

"ನಿಮ್ಮಪ್ಪ ಕೇಳಿದ್ದು ಮನೆ ವಿಷಯ ಇರಬಹುದು ಅಲ್ವಾ?" ಎಂದರು ಕೊನೆಗೆ, ಯಾವುದೋ ಬಿಗಿದ ನಟ್ಟನ್ನು ಮೆಲ್ಲಗೆ ತಿರುವಿ ನೋಡುವವರ ಹಾಗೆ.

"ಮನೆ ವಿಷಯವೇ. ಗ್ಯಾರೇಜಿನ ಸುದ್ದಿ ಅವರು ಎತ್ತಿದ್ದಾರಾ?"

"ಎತ್ತಲಿಲ್ಲ."

"ಮತ್ತೆ."

ಮಾವ ಎದ್ದರು. ತಾಮ್ರದ ತಗಡನ್ನು ಎತ್ತಿ ಮೂಲೆಗೆ ಎಸೆದರು. ಅದು ಖಣಖಣ ಎಂದು ಸದ್ದು ಮಾಡಿ ಮಲಗಿತು. "ನಂದು ಹೋಯ್ತು. ಕಡೆದ ಪಿಸ್ಟನ್ ಇರಲಿ, ಮಾಮೂಲಿ ಗ್ಯಾಸ್ಕೆಟ್ ಒಂದೇ ಸಾಕು. ಎಷ್ಟು ಕಡೆದಿದ್ದೀಯ ಅಂತ ಒಂದೊಂದಾಗಿ ಅಳೆದು ತೋರಿಸು."

ಅವಳು ಬ್ಲಾಕಿನ ಮೇಲೆ, ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ನಿಲ್ಲಿಸಿದಳು. ಒಂದನೆಯದು ಸರಿಯಾಗಿ ಮಟ್ಟಕ್ಕಿತ್ತು. ಎರಡನೆಯದೂ. ನಾಲ್ಕನೆಯದೂ. ಮೂರನೆಯದಕ್ಕೆ ಬಂದಾಗ ಮಾವ ಅವಳ ಕೈಯನ್ನು ತಡೆದು, ಗೇಜಿನ ಮೊನೆಯನ್ನು ಪಿಸ್ಟನ್ನಿನ ಅಂಚಿನಿಂದ ಎತ್ತಿ ಪಿನ್ನಿನ ನೇರಕ್ಕೆ ಇಟ್ಟರು. ಮುಳ್ಳು ಸರಕ್ಕನೆ ಕೆಳಗೆ ಸರಿಯಿತು. ಉಳಿದವನ್ನೂ ಹಾಗೇ ಇಟ್ಟು ನೋಡಿದರೆ ಮಟ್ಟಕ್ಕೇ ಇದ್ದವು; ಮೂರನೆಯದು ಮಾತ್ರ ತಗ್ಗಿನಲ್ಲಿತ್ತು. ಹೆಚ್ಚೇನಲ್ಲ, ದಪ್ಪ ಕಾಗದದಷ್ಟು. ಆದರೂ ತಗ್ಗು ತಗ್ಗೇ.

ಮಾವನ ಕತ್ತಿನ ನರ ಉಬ್ಬಿತು. ಅವರು ಬಾಯಿ ತೆರೆದರು, ಮುಚ್ಚಿದರು, ಸೊಸೆಯ ಕಡೆ ನೋಡಿದರು. ಅವಳು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಇಷ್ಟು ವರ್ಷ ಕಟ್ಟಿಟ್ಟದ್ದೆಲ್ಲ ಒಡೆಯಿತು.

"ಪಿಸ್ಟನ್ ಅಂದ್ರೆ ಗೋಡೆಗೆ ಹೊಡೆದ ಮೊಳೆ ಅಂದ್ಕೊಂಡ್ಯಾ, ಎಲ್ಲಿ ಮುಟ್ಟಿದ್ರೂ ಅಲ್ಲೇ ಇರೋಕೆ? ಪಿನ್ನಿನ ಮೇಲೆ ಅದು ತಕ್ಕಡಿ ಹಾಗೆ ತೂಗುತ್ತೆ. ಅಂಚು ಮುಟ್ಟಿದ್ರೆ ಅದು ಹೇಳೋದೆಲ್ಲ ಸುಳ್ಳು. ಆ ಸುಳ್ಳನ್ನ ನಂಬಿ ಕಡೆದವಳು ನೀನು. ಮೊದಲು ತೂತಿನ ಅಂಚಿಂದ ಅಳೆದೆ, ಆಮೇಲೆ ತಲೆಯ ಅಂಚಿಂದ ಅಳೆದೆ. ಮಧ್ಯ ಅನ್ನೋದು ಒಂದಿದೆ ಅಂತ ನಿನಗೆ ಯಾರೂ ಹೇಳಿಲ್ವಾ? ಬರೀ ಅಂಚಲ್ಲೇ ಓಡಾಡೋಕೆ ನೀನೇನು ಇಲಿಯಾ? ಕಣ್ಣನ್ನ ಮನೇಲಿ ಗೂಟಕ್ಕೆ ನೇತುಹಾಕಿ ಕೆಲಸಕ್ಕೆ ಬರ್ತೀಯಾ? ಕಡೆದ ಮೇಲೆ ಅಂಟಿಸೋ ಹಾಗಿದೆಯಾ ಅದನ್ನ, ಬೆಲ್ಲ ಹಚ್ಚಿ? ನಿನ್ನ ಕೈಗೆ ಲೇತ್ ಕೊಟ್ಟ ನನಗೆ ಮೊದಲು ಬುದ್ಧಿ ಇಲ್ಲ..."

ಅದು ಅಲ್ಲಿಗೇ ಮುಗಿಯಲಿಲ್ಲ. ವೆಲ್ಡಿಂಗ್ ಅಂಗಡಿಯವನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತ. ಗೊಣಗಣ್ಣ ಟೈರಿನ ಮೇಲೆ ಕೂತು, ಬಾಲ್ಯದಲ್ಲಿ ಕೇಳಿದ ಹಾಡು ಕೇಳುವವನ ಹಾಗೆ ಕಣ್ಣು ಮುಚ್ಚಿದ್ದ. ಟೀ ತಟ್ಟೆ ಹಿಡಿದು ಬಂದ ಅತ್ತೆ ಹೊಸಿಲಲ್ಲೇ ನಿಂತುಬಿಟ್ಟರು.

"ಸೊಸೆಗಾ ಇದು?" ಎಂದರು ಗಾಬರಿಯಿಂದ. "ನಿಮಗ್ಯಾವ ಗಾಳಿ ಬಡೀತು?"

"ನೀವು ಸುಮ್ಮನಿರಿ ಅತ್ತೆ," ಎಂದಳು ಸೊಸೆ. ಅವಳ ಮುಖ ಕೆಂಪಾಗಿತ್ತು. ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು, ಎದೆ ಮಾತ್ರ ಹಗುರವಾಗಿತ್ತು. "ಮಾವ, ಬೈದದ್ದು ಸರಿ. ಒಪ್ಪಿದೆ. ಆದ್ರೆ ನೀವು ಹೆಡ್ ಮುಚ್ಚೋ ಮುಂಚೆ ಒಂದು ಸಲ ಪಿಸ್ಟನ್ ಮೇಲೆ ತಂದು ನೋಡಿದ್ದರೆ ಇದೆಲ್ಲ ಆವತ್ತೇ ಗೊತ್ತಾಗ್ತಿತ್ತು. ನೋಡದೇ ಮುಚ್ಚಿದ್ದು ಯಾರು?"

ಗೊಣಗಣ್ಣ ಕಣ್ಣು ತೆರೆದ. ಆ ಚಾವಣಿಯ ಕೆಳಗೆ ಮೇಸ್ತ್ರಿಗೆ ತಿರುಗಿ ಹೇಳಿದವರು ಈವರೆಗೆ ಯಾರೂ ಇರಲಿಲ್ಲ.

ಮಾವ ಹೊಸಿಲಿನವರೆಗೆ ನಡೆದರು. ಆಮೇಲೆ ತಟ್ಟೆಯಿಂದ ಟೀ ಎತ್ತಿಕೊಂಡರು. "ನಾನೇ," ಎಂದರು. "ಅದೂ ಸರಿ." ಒಂದು ಗುಟುಕು ಕುಡಿದು, "ಈಗ ಹೇಳು, ಏನು ಮಾಡ್ತೀಯ?" ಎಂದು ಕೇಳಿದರು.

"ಮೂರನೆಯದಕ್ಕೆ ಸಮ ಬರೋ ಹಾಗೆ ಉಳಿದ ಮೂರನ್ನೂ ಆ ಕಾಗದದಷ್ಟು ತಗ್ಗಿಸ್ತೀನಿ. ನಾಲ್ಕೂ ಒಂದೇ ಎತ್ತರಕ್ಕೆ ಬರುತ್ತೆ. ಅಷ್ಟು ತಗ್ಗಿದ್ರೆ ಬಲಕ್ಕೇನೂ ಕಮ್ಮಿ ಆಗಲ್ಲ."

"ಪಿನ್ನಿನ ನೇರಕ್ಕೆ ಅಳೆದು."

"ಪಿನ್ನಿನ ನೇರಕ್ಕೆ ಅಳೆದು."

ಅವಳು ಆ ಮಧ್ಯಾಹ್ನವೆಲ್ಲ ಅದನ್ನೇ ಮಾಡಿದಳು. ಚಪ್ಪಲಿ ಸದ್ದಿಗೆ ಕೈ ನಿಲ್ಲಲಿಲ್ಲ. ಕಡೆದು, ತೂಗಿ, ಇಳಿಸಿ, ಒಂದೊಂದನ್ನೂ ಮೇಲೆ ತಂದು ಪಿನ್ನಿನ ಎರಡೂ ತುದಿಯ ಮೇಲೆ ಗೇಜ್ ಇಟ್ಟು ನೋಡಿದಳು. ಮುಳ್ಳು ನಾಲ್ಕು ಸಲವೂ ಒಂದೇ ಕಡೆ ನಿಂತಿತು. ಗ್ಯಾಸ್ಕೆಟ್ ಹಾಸಿದಳು. ಹೆಡ್ಡನ್ನು ಸರಪಳಿಯಲ್ಲಿ ಎತ್ತಿ ಹಿಡಿದಿದ್ದಾಗ ಮಾವ ಅಂಗಿ ಬದಲಿಸಿ ಮನೆಗೆ ಹೊರಟು ನಿಂತದ್ದು ಕಾಣಿಸಿತು. ಎಂಜಿನ್ ಬಾಯಿ ತೆರೆದು ಕೂತಿರುವಾಗ ಅವರು ಗ್ಯಾರೇಜು ಬಿಟ್ಟು ಹೋದದ್ದನ್ನು ಅವಳು ಕಂಡಿರಲಿಲ್ಲ.

"ಮಾವ, ಮುಚ್ಚಿಬಿಡ್ತೀನಿ. ಒಂದು ಸಲ ನೋಡ್ತೀರಾ?"

ಮಾವ ಚಪ್ಪಲಿ ಹುಡುಕುತ್ತಾ, ತಿರುಗಿ ನೋಡದೆ ಹೇಳಿದರು.

"ನಾನ್ಯಾಕೆ ನೋಡಲಿ? ತಪ್ಪಾಗಿದ್ರೆ ಬೈತೀನಿ."

ಅವಳು ಸರಪಳಿ ಸಡಿಲಿಸಿ ಹೆಡ್ ಇಳಿಸಿದಳು.